ಚಿಕ್ಕಮ್ಮನ ಶುಂಠಿ, ಬೀಗದಣ್ಣನ ತಲೆ

ಆ ಬೀದಿಯಲ್ಲಿ ಬೀಗ ರಿಪೇರಿ ಮಾಡುವವನು ಒಬ್ಬನೇ ಇದ್ದ. ಬೀಗ ಹಾಕಿದ ತನ್ನದೇ ಅಂಗಡಿಯ ಮುಂದೆ ನಿಂತು ನಾಲ್ಕೂ ಕಿಸೆ ತಡಕಾಡುವವನೂ ಅವನೊಬ್ಬನೇ. ಎಲ್ಲರೂ ಅವನನ್ನು ಬೀಗದಣ್ಣ ಎನ್ನುತ್ತಿದ್ದರು. ಬೀಗದ ಬಾಯಿ ನೋಡಿಯೇ ಹೊಸ ಕೀಲಿಕೈ ಕೊರೆದುಕೊಡಬಲ್ಲ ಮಹಾಶಯ, ಕನ್ನಡಕ ಹಣೆಯ ಮೇಲಿರುವಾಗ ಅದನ್ನು ಮೇಜಿನ ಕೆಳಗೆ ಹುಡುಕುತ್ತಿದ್ದ.

ಅವನ ತಲೆಯ ಮೇಲೆ ಕೂದಲಿರಲಿಲ್ಲ. ಕಡಿಮೆ ಇತ್ತು ಅಂತಲ್ಲ, ಇರಲೇ ಇಲ್ಲ. ಅದರ ಬಗ್ಗೆ ಅವನಿಗೆ ದುಃಖವೇನೂ ಇರಲಿಲ್ಲ. ಅವನಿಗಿದ್ದ ಕೊರಗು ಬೇರೆ: ಬೀಗದ ವಿಷಯ ಬಿಟ್ಟರೆ ಯಾರೂ ಅವನನ್ನು ಏನನ್ನೂ ಕೇಳುತ್ತಿರಲಿಲ್ಲ. ಮನೆಯಲ್ಲಂತೂ ಬಿಡಿ. ಹೆಂಡತಿ ಶಾಲೆಯಲ್ಲಿ ಲೆಕ್ಕದ ಟೀಚರ್. ಅವನು ಶುರು ಮಾಡಿದ ವಾಕ್ಯವನ್ನು ಅವಳು ಮುಗಿಸಿ, ತಪ್ಪಿದ್ದರೆ ತಿದ್ದಿ, ಮುಂದಿನ ವಾಕ್ಯಕ್ಕೆ ಹೋಗಿಬಿಟ್ಟಿರುತ್ತಿದ್ದಳು. ಅವಳು ಹಾಕಿದ್ದ ನಿಯಮಗಳಲ್ಲಿ ಮೊದಲನೆಯದು: ಕೀಲಿಕೈ ಕೊರೆಯುವ ಯಂತ್ರದ ಹಿತ್ತಾಳೆ ಪುಡಿಯನ್ನು ಹೊಸ್ತಿಲೊಳಗೆ ತರಬಾರದು. ಆದ್ದರಿಂದ ಬೀಗದಣ್ಣ ಸಂಜೆ ಮನೆಗೆ ಬಂದರೆ ಮೊದಲು ಹೊರಗಿನ ನಲ್ಲಿಯ ಕೆಳಗೆ ತಲೆಯೊಡ್ಡಿ, ಆಮೇಲೆ ಒಳಗೆ ಕಾಲಿಡುತ್ತಿದ್ದ. ಈ ನಲ್ಲಿಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು.

ಹೀಗಿರುವಾಗ ಒಂದು ಬೆಳಿಗ್ಗೆ ಅವನ ಚಿಕ್ಕಮ್ಮ, ಅಂದರೆ ತಾಯಿಯ ತಂಗಿ, ಕಂಕುಳಲ್ಲಿ ಒಂದು ದೊಡ್ಡ ಮಣ್ಣಿನ ಕುಂಡ ಇಟ್ಟುಕೊಂಡು ಅಂಗಡಿಗೆ ಬಂದಿಳಿದಳು. ಚಿಕ್ಕಮ್ಮ ನಾಟಿ ಔಷಧಿ ಕೊಡುವವಳು. ಊರಿನ ಆ ತುದಿಯ ಅವಳ ಮನೆಯ ಜಗಲಿಯಲ್ಲಿ ಬೆಳಗಾದರೆ ಉಳುಕಿದ ಕಾಲು, ಊದಿದ ಕೆನ್ನೆ, ಮುನಿದ ಹೊಟ್ಟೆಗಳು ಸಾಲಾಗಿ ಕೂತಿರುತ್ತಿದ್ದವು. ಅರವತ್ತು ದಾಟಿದ್ದರೂ ಅವಳ ಜಡೆ ಹಗ್ಗದಷ್ಟು ದಪ್ಪ. ಧ್ವನಿ ಅದಕ್ಕಿಂತ ದಪ್ಪ.

ಕುಂಡದಲ್ಲಿದ್ದ ಗಿಡ ಮಾತ್ರ ನೋಡುವ ಹಾಗಿತ್ತು. ಉದ್ದನೆಯ ಹಸಿರು ಎಲೆಗಳು ಎರಡು ಕಡೆಗೂ ಬಾಚಿದ ಹಾಗೆ ಬಾಗಿದ್ದವು. ಬುಡದಿಂದ ಬೇರೆಯೇ ದಂಟುಗಳೆದ್ದು, ಒಂದೊಂದರ ತುದಿಯಲ್ಲೂ ಮುಷ್ಟಿ ಗಾತ್ರದ ಕೆಂಪು ಗೊಂಡೆ. ಹೆಂಚಿನ ಮೇಲೆ ಹೆಂಚು ಹೊದಿಸಿದ ಹಾಗೆ ಎಸಳಿನ ಮೇಲೆ ಎಸಳು.

"ಏನೋ, ಆ ಯಂತ್ರ ನಿಲ್ಲಿಸಿ ಕೇಳೋ ಇಲ್ಲಿ" ಎಂದಳು ಚಿಕ್ಕಮ್ಮ. "ಮಗಳ ಹೆರಿಗೆಗೆ ಹೊರಟಿದೀನಿ. ಬರೋದು ಕೆಲವು ತಿಂಗಳಾಗುತ್ತೆ. ಇದು ನಮ್ಮಮ್ಮ ನೆಟ್ಟ ಕಾಡುಶುಂಠಿ, ಅಡುಗೆ ಶುಂಠಿ ಅಲ್ಲ. ಹಿತ್ತಲಲ್ಲಿದ್ದದ್ದನ್ನೆಲ್ಲ ಚರಂಡಿ ತೋಡೋರು ಕಿತ್ತು ಬಿಸಾಕಿದ್ರು. ಒಂದೇ ಒಂದು ಚೂರು ಗೆಡ್ಡೆ ಸಿಕ್ತು, ಅದನ್ನ ಈ ಕುಂಡಕ್ಕೆ ಹಾಕಿ ಎಬ್ಬಿಸಿದೀನಿ. ಇದು ಹೋದ್ರೆ ಅಮ್ಮನ ಗಿಡ ಹೋದ ಹಾಗೆ. ತಿಳೀತಾ?"

"ತಿಳೀತು ಚಿಕ್ಕಮ್ಮ. ಚಂದಕ್ಕೆ ಇಡೋ ಗಿಡ ಅಲ್ವಾ ಇದು?"

"ಚಂದ ಅದರ ಹೊರಗಿನ ವೇಷ ಕಣೋ! ಎಲ್ಲರೂ ಮುಂಬಾಗಿಲಲ್ಲಿಟ್ಟು ಫೋಟೋ ತೆಗೀತಾರೆ. ಒಳಗಿನ ಗುಣ ಯಾರೂ ಕೇಳಲ್ಲ. ಗೆಡ್ಡೆ ಜಜ್ಜಿ ಬೆಚ್ಚಗೆ ಮಾಡಿ ಉಳುಕಿಗೆ ಕಟ್ಟಿದ್ರೆ ಊತ ಇಳಿಯುತ್ತೆ. ಉಪ್ಪಿನ ಜೊತೆ ಅರೆದು ನೋಯೋ ಹಲ್ಲಿಗೆ ಒತ್ತಿದ್ರೆ ಆ ಹೊತ್ತಿಗೆ ನಿದ್ದೆ ಬರುತ್ತೆ. ಬಿಸಿನೀರಲ್ಲಿ ಕುದಿಸಿ ಕುಡಿದ್ರೆ ಹೊಟ್ಟೆ ಮುರಿತಕ್ಕೆ ಒಳ್ಳೇದು. ಎಲೆ ಬಟ್ಟೆ ಪೆಟ್ಟಿಗೇಲಿಟ್ರೆ ಘಮಘಮ. ಈ ಗೊಂಡೆ ಇದೆಯಲ್ಲ, ಹಿಂಡು ನೋಡು."

ಬೀಗದಣ್ಣ ಹಿಂಡಿದ. ಬೆರಳ ಸಂದಿಯಿಂದ ತಣ್ಣಗಿನ, ಲೋಳೆಯಂಥ ರಸ ಬಳಬಳನೆ ಇಳಿಯಿತು. ಇಡೀ ಅಂಗಡಿ ಶುಂಠಿಯೂ ಅಲ್ಲದ, ಹೂವೂ ಅಲ್ಲದ ಒಂದು ಪರಿಮಳದಲ್ಲಿ ಮುಳುಗಿತು. ಅಷ್ಟು ಸಣ್ಣ ಗೊಂಡೆಯೊಳಗೆ ಅಷ್ಟು ನೀರು ಯಾರು ಬಚ್ಚಿಟ್ಟರು! ವರ್ಷಗಟ್ಟಲೆ ಬೀಗಗಳ ಹೊಟ್ಟೆ ಬಗೆದು ನೋಡಿದವನಿಗೂ ಇಂಥದ್ದೊಂದು ಕೀಲು ಸಿಕ್ಕಿರಲಿಲ್ಲ. ಅವನು ಬಾಯಿ ತೆರೆದುಕೊಂಡೇ ನಿಂತ.

"ಇದರಲ್ಲಿ ತಲೆ ತೊಳೆದ್ರೆ ಕೂದಲು ರೇಷ್ಮೆ" ಎಂದು ಚಿಕ್ಕಮ್ಮ ಜಡೆಯನ್ನು ಹೆಗಲ ಮುಂದಕ್ಕೆಳೆದು ಸಾಕ್ಷಿ ತೋರಿಸಿದಳು. ಆಮೇಲೆ ಅವನ ತಲೆಯನ್ನು ನೋಡಿ, "ಇರೋರಿಗೆ" ಎಂದು ಸೇರಿಸಿ, ಬಸ್ಸು ಹಿಡಿಯಲು ಹೊರಟುಹೋದಳು.

ಕುಂಡ ಅಂಗಡಿಯ ಮುಂದಿನ ಕಬ್ಬಿಣದ ಕಂಬದ ಪಕ್ಕ ಕೂತಿತು. ಅದೇ ವಾರ ಪಕ್ಕದ ಟೈಲರ್ ಕೆನ್ನೆಗೆ ಕೈಕೊಟ್ಟು ನರಳುತ್ತಾ ಬಂದ. ಬೀಗದಣ್ಣ ಮಣ್ಣು ಕೆದಕಿ, ಗೆಡ್ಡೆಯ ಅಂಚಿನಿಂದ ಉಗುರಿನಷ್ಟು ಮುರಿದು, ಉಪ್ಪಿನ ಜೊತೆ ಅರೆದು, ಹಲ್ಲಿಗೆ ಒತ್ತಿಸಿದ. ಸ್ವಲ್ಪ ಹೊತ್ತಿಗೆ ಟೈಲರ್ ಹೊಲಿಗೆ ಯಂತ್ರದ ಮೇಲೆಯೇ ನಿದ್ದೆ ಹೋದ. ಎದ್ದವನು ಬೀದಿಯ ಮಧ್ಯ ನಿಂತು ಕೂಗಿದ: "ಬೀಗದಣ್ಣನ ಕೈಗುಣ ಅಂದ್ರೆ ಕೈಗುಣ!"

ಆವತ್ತಿನಿಂದ ಬೀಗದಣ್ಣ ಮಾತಾಡುವ ಮೊದಲು ಗಂಟಲು ಸರಿಮಾಡಿಕೊಳ್ಳತೊಡಗಿದ.

"ದಂತವೈದ್ಯರ ಹತ್ರ ಹೋಗಿ ಅಂತ ಹೇಳಿದ್ರಾ ಅವರಿಗೆ?" ಎಂದಳು ಹೆಂಡತಿ.

"ನನ್ನ ಹತ್ರ ಬಂದ್ಮೇಲೆ..."

"...ಅವರ ಹತ್ರ ಯಾಕೆ ಅಂತ ತಾನೆ? ಹಲ್ಲಲ್ಲಿ ತೂತಿದ್ರೆ ಶುಂಠಿ ತುಂಬುತ್ತಾ? ನಾಳೆ ಹೇಳಿ."

ಎದುರಿಗೆ ಕಟಿಂಗ್ ಅಂಗಡಿ. ಅದರ ಯಜಮಾನ ಊರಿನ ಅರ್ಧ ತಲೆಗಳನ್ನು ಕೈಯಾರೆ ಬಲ್ಲವನು. ಉಳಿದರ್ಧ ಬೋಳಾಗಿದ್ದರಿಂದ ಅವನ ವ್ಯಾಪಾರ ಸೊರಗಿತ್ತು. ಒಂದು ದಿನ ಕತ್ತರಿ ಹಿಡಿದುಕೊಂಡೇ ರಸ್ತೆ ದಾಟಿ ಬಂದ.

"ಹಲ್ಲಿಗೆ ಗೆಡ್ಡೆ ಸರಿ. ಈ ಕೆಂಪಗಿರೋದು ಯಾತಕ್ಕಣ್ಣ?"

ಬೀಗದಣ್ಣ ಗಂಟಲು ಸರಿಮಾಡಿಕೊಂಡ. "ಕೂದಲಿಗೆ. ಅತ್ಯುತ್ತಮ."

ಕಟಿಂಗಿನವನು ಗೊಂಡೆಯನ್ನು ನೋಡಿದ. ಬೀಗದಣ್ಣನ ತಲೆಯನ್ನು ನೋಡಿದ. ಮತ್ತೆ ಗೊಂಡೆಯನ್ನು ನೋಡಿದ. ಸಭ್ಯ ಮನುಷ್ಯ, ಸ್ವಲ್ಪ ಹೊತ್ತು ತಡೆದುಕೊಂಡ.

"ಬೇಜಾರು ಮಾಡ್ಕೋಬೇಡಿ. ನೀವು ಹಚ್ಕೊಂಡಿಲ್ವಾ?"

"ಗೊಂಡೆ ಪಕ್ವ ಆಗ್ಲಿ ಅಂತ ಕಾಯ್ತಿದ್ದೆ" ಎಂದ ಬೀಗದಣ್ಣ. "ಇವತ್ತಿಂದ ಶುರು."

ಆಡಿಬಿಟ್ಟ ಮೇಲೆ ದಾರಿಯಿಲ್ಲ. ಎದುರಿನ ಕನ್ನಡಿಯಿಂದ ಎರಡು ಕಣ್ಣು ಕಾಯುತ್ತಿದ್ದವು. ಬೀಗದಣ್ಣ ಒಂದು ಗೊಂಡೆ ಹಿಂಡಿ ರಸವನ್ನು ತಲೆಗೆ ಸವರಿಕೊಂಡ. ತಗಡಿನ ಮಾಡಿನ ಕೆಳಗೆ ಕಾದಿದ್ದ ತಲೆ 'ಅಬ್ಬ' ಎಂದಿತು. ತೊಳೆಯಬೇಕಿತ್ತು ಎಂಬುದು ಅವನಿಗೆ ಹೊಳೆಯಲಿಲ್ಲ. ಒಂದು ಹಾಸ್ಟೆಲಿನ ಅಷ್ಟೂ ಕೋಣೆಗಳಿಗೆ ಡೂಪ್ಲಿಕೇಟ್ ಕೀಲಿಕೈ ಮಾಡುವ ಕೆಲಸ ಬೇರೆ ಬಂದಿತ್ತು. ರಸ ತಲೆಯ ಮೇಲೆ ಆರಿ ಅಂಟಂಟಾಗುತ್ತಿದ್ದಂತೆ ಅವನು ಯಂತ್ರಕ್ಕೆ ಬಗ್ಗಿ, ಒಂದರ ಮೇಲೊಂದು ಹಿತ್ತಾಳೆ ಕೀಲಿಕೈ ಕೊರೆಯುತ್ತಾ ಕೂತ.

ಮಧ್ಯಾಹ್ನದ ಬಿಸಿಲು ಅಂಗಡಿಯೊಳಗೆ ಓರೆಯಾಗಿ ಇಳಿಯಿತು. ಎದುರಿನಿಂದ ಒಂದು ಕೂಗು ಕೇಳಿತು. ಕಟಿಂಗಿನವನು ಅರ್ಧ ನೊರೆ ಹಚ್ಚಿದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಓಡಿಬಂದಿದ್ದ. ಗಿರಾಕಿಯೂ ನೊರೆಸಮೇತ ಹಿಂದೆಯೇ ಬಂದಿದ್ದ. ಅವರು ನಿವೃತ್ತ ಹೆಡ್‌ಮಾಸ್ಟರು. ಅವರ ತಲೆಯೂ ನಿವೃತ್ತವೇ.

"ಅಲ್ಲಾಡಬೇಡಿ ಅಣ್ಣ! ಹಾಗೇ ಇರಿ!"

"ಯಾಕೆ, ಚೇಳಾ?"

"ಕೂದಲು!"

ನಿಜವೇ. ಬೀಗದಣ್ಣನ ಇಡೀ ತಲೆಯ ಮೇಲೆ ಎಳೆಯ, ಸಣ್ಣ, ಹೊಂಬಣ್ಣದ ಚಿಗುರು ಬಿಸಿಲಿಗೆ ಮಿರಮಿರನೆ ಮಿನುಗುತ್ತಿತ್ತು. ಹೆಡ್‌ಮಾಸ್ಟರು ನೊರೆಯನ್ನು ಒರೆಸಿಕೊಳ್ಳುವುದನ್ನೂ ಮರೆತು ಬೆರಳು ಚಾಚಿದರು.

"ಮುಟ್ಟಬೇಡಿ ಸಾರ್!" ಎಂದು ಕಟಿಂಗಿನವನು ಅವರ ಕೈ ಹಿಡಿದ. "ಮೊದಲ ಕೂದಲು. ಮುಟ್ಟಿದ್ರೆ ಬುಡ ಸಡಿಲ ಆಗುತ್ತೆ. ನನ್ನ ಸರ್ವಿಸ್‌ನಲ್ಲಿ ಇಂಥದ್ದು ನೋಡಿಲ್ಲ."

"ಬಣ್ಣ ಯಾಕಯ್ಯ ಹಳದಿ?"

"ಮಾವಿನ ಚಿಗುರು ಮೊದಲು ಹಸಿರಾಗಿರುತ್ತಾ ಸಾರ್? ಆಮೇಲೆ ತಿರುಗುತ್ತೆ."

ತಜ್ಞರ ಮಾತಿನ ಮೇಲೆ ಇನ್ನು ಮಾತೇನು? ಬೀಗದಣ್ಣನಿಗೆ ಕನ್ನಡಿ ಹಿಡಿದರು. ಅವನು ನೋಡಿಕೊಂಡ. ಕಣ್ಣು ತುಂಬಿ ಬಂತು, ಅದರಿಂದ ಚಿಗುರು ಇನ್ನಷ್ಟು ಮಿನುಗಿತು.

ಸಂಜೆ ಹಾರುವವನ ಹಾಗೆ ಮನೆಗೆ ಹೋದ. ಅಭ್ಯಾಸಬಲದಿಂದ ನಲ್ಲಿಯ ಕೆಳಗೆ ತಲೆಯೊಡ್ಡಿ, ಚೆನ್ನಾಗಿ ಉಜ್ಜಿಕೊಂಡು ಒಳಗೆ ಹೋಗಿ, ಹೆಂಡತಿಯ ಮುಂದೆ ತಲೆ ಬಗ್ಗಿಸಿ ನಿಂತ.

"ಏನು ತಪ್ಪು ಮಾಡಿದ್ರಿ?"

"ನೋಡು."

"ನೋಡಿದೆ. ಏನಿದೆ?"

ಕನ್ನಡಿಗೆ ಓಡಿದ. ಏನೂ ಇರಲಿಲ್ಲ. ಮರುದಿನ ಅಂಗಡಿಯಲ್ಲಿ ರಸ ಸವರಿ ಕೆಲಸಕ್ಕೆ ಕೂತ. ಮಧ್ಯಾಹ್ನಕ್ಕೆ ಕೂದಲು ಹಾಜರ್. ಸಂಜೆ ಮನೆಯಲ್ಲಿ ಗೈರುಹಾಜರ್. ಬೀಗದಣ್ಣ ಬಹಳ ಯೋಚಿಸಿ ಒಂದು ತೀರ್ಮಾನಕ್ಕೆ ಬಂದ: ಕೂದಲಿಗೂ ಅವಳನ್ನು ಕಂಡರೆ ಭಯ. ಇದರಲ್ಲಿ ಅವನಿಗೆ ಅಸಹಜವೇನೂ ಕಾಣಲಿಲ್ಲ.

ಸುದ್ದಿ ಹರಡಿತು. ಬೋಳು ತಲೆಗಳು ಬೀದಿಯ ಎರಡೂ ತುದಿಯಿಂದ ಬಂದವು. ಟೋಪಿ ಹಾಕಿಕೊಂಡು ಬಂದವರಿದ್ದರು, ಮೂರು ಎಳೆಗಳನ್ನು ಆ ಕಿವಿಯಿಂದ ಈ ಕಿವಿಗೆ ಸಾಗಿಸಿಕೊಂಡು ಬಂದವರಿದ್ದರು, 'ನಮ್ಮ ಭಾವನಿಗೆ ಬೇಕಿತ್ತು' ಎನ್ನುವವರಿದ್ದರು. ಎಲ್ಲರೂ ಮೊದಲು 'ನಿಮ್ಮನ್ನೊಂದು ಮಾತು ಕೇಳಬೇಕಿತ್ತು' ಎನ್ನುತ್ತಿದ್ದರು. ಜೀವಮಾನವಿಡೀ ಈ ಒಂದು ವಾಕ್ಯಕ್ಕೆ ಕಾದಿದ್ದ ಬೀಗದಣ್ಣ 'ಇಲ್ಲ' ಎನ್ನುವುದು ಹೇಗೆ? ಒಬ್ಬರಿಗೆ ಅರ್ಧ ಗೊಂಡೆ, ಇನ್ನೊಬ್ಬರಿಗೆ ಕಾಲು. ಗೊಂಡೆ ಮುಗಿದವು. 'ಎಲೆಯಲ್ಲೂ ಸ್ವಲ್ಪ ಇರುತ್ತೆ' ಎಂದು ಹೆಡ್‌ಮಾಸ್ಟರು ಸಂಶೋಧಿಸಿದರು. ಎಲೆ ಮುಗಿದವು. ಯಾರೋ ದಂಟನ್ನೂ ಬಿಡಲಿಲ್ಲ.

ಒಂದು ಬೆಳಿಗ್ಗೆ ಬೀಗದಣ್ಣ ನೋಡುತ್ತಾನೆ: ಕುಂಡದಲ್ಲಿ ಬರೀ ಮಣ್ಣು. ಗಿಡದ ಜಾಗವೂ ಅವನ ತಲೆಯ ಹಾಗೇ ಆಗಿತ್ತು. 'ಇದು ಹೋದ್ರೆ ಅಮ್ಮನ ಗಿಡ ಹೋದ ಹಾಗೆ' ಎಂಬ ದಪ್ಪ ಧ್ವನಿ ಕಿವಿಯಲ್ಲಿ ಮೊಳಗಿತು.

ಉಳಿದಿದ್ದರೆ ಒಳಗಿನ ಗೆಡ್ಡೆಯಾದರೂ ಉಳಿಯಲಿ ಎಂದು ಅವನು ತನಗೆ ಗೊತ್ತಿದ್ದ ಒಂದೇ ವಿದ್ಯೆಗೆ ಮೊರೆಹೋದ. ಕುಂಡದ ಮೇಲೆ ಕಬ್ಬಿಣದ ಜಾಲರಿ ಮುಚ್ಚಿ, ಸರಪಳಿ ಸುತ್ತಿ, ಕಂಬಕ್ಕೆ ಬಿಗಿದು, ತನ್ನ ಕೈಯಾರೆ ಮಾಡಿದ ಅತ್ಯಂತ ಗಟ್ಟಿ ಬೀಗ ಜಡಿದ. ಕೀಲಿಕೈಯನ್ನು ಯಾರೂ ಹುಡುಕಲಾರದ ಜಾಗದಲ್ಲಿಟ್ಟ. ಸಂಜೆಯ ಹೊತ್ತಿಗೆ ಆ 'ಯಾರೂ' ಎಂಬುದರಲ್ಲಿ ತಾನೂ ಸೇರಿದ್ದೇನೆ ಎಂದು ತಿಳಿಯಿತು. ಬಾಯಿ ನೋಡಿ ಹೊಸದು ಕೊರೆಯೋಣವೆಂದರೆ, ಹಾಗೆ ಯಾರೂ ಕೊರೆಯಲಾಗದಂತೆ ತಾನೇ ಮಾಡಿದ್ದ ಬೀಗ ಅದು. ಜಾಲರಿಯೊಳಗೆ ನೀರು ಹೊಯ್ಯುವುದೊಂದು ಬಿಟ್ಟು ಬೇರೇನೂ ಮಾಡುವಂತಿರಲಿಲ್ಲ. ಹೊಯ್ದ. ದಿನವೂ ಹೊಯ್ದ, ಗ್ರಾಹಕರಿಲ್ಲದಾಗ ಕುಂಡದ ಜೊತೆ ಸಣ್ಣ ಧ್ವನಿಯಲ್ಲಿ ಮಾತಾಡಿದ. ಕಾಪಿಟ್ಟಿದ್ದ ಒಂದು ಶೀಶೆ ರಸವನ್ನು ಮಾತ್ರ ಮರ್ಯಾದೆಗೋಸ್ಕರ ತಲೆಗೆ ಸವರಿಕೊಳ್ಳುತ್ತಿದ್ದ. ಇಡೀ ಬೀದಿಯಲ್ಲಿ ಕೂದಲು ಬಂದಿದ್ದವನು ಅವನೊಬ್ಬನೇ ತಾನೆ?

ಅದನ್ನೇ ಯಾರೋ ಹೋಗಿ ದೂರು ಕೊಟ್ಟರು. ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಬಂದರು. ಬಿಸಿಲಿರಲಿ, ನೆರಳಿರಲಿ, ಕಚೇರಿಯೊಳಗಿರಲಿ, ಟೋಪಿ ತೆಗೆಯದ ಮನುಷ್ಯ. ಬೀದಿಗೆ ಬೀದಿಯೇ ಸುತ್ತ ಸೇರಿತು. ಶಾಲೆ ಬಿಟ್ಟು ಬರುತ್ತಿದ್ದ ಲೆಕ್ಕದ ಟೀಚರೂ ಚೀಲ ಹಿಡಿದುಕೊಂಡು ನಿಂತಳು.

"ಲೈಸೆನ್ಸ್ ಇಲ್ದೆ ಕೂದಲು ಬೆಳೆಸೋರು ನೀವೇನಾ?"

"ನಾನು ಬೆಳೆಸಿಲ್ಲ ಸಾರ್. ಅದಾಗಿ ಬಂತು."

"ಎಲ್ಲಿ, ಬಗ್ಗಿ."

ಬೀಗದಣ್ಣ ಬಗ್ಗಿದ. ಬೆಳಗ್ಗಿನಿಂದ ಯಂತ್ರದ ಮುಂದೆ ಕೂತಿದ್ದ ತಲೆ ಜಗಜಗ ಎನ್ನುತ್ತಿತ್ತು. ಇನ್‌ಸ್ಪೆಕ್ಟರು ನೋಡಿದರು. ಕಾನೂನಿಗೆ ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಆಮೇಲೆ ಅವರ ಧ್ವನಿ ಮೆತ್ತಗಾಯಿತು.

"ಊಟಕ್ಕೆ ಮುಂಚೆ ಹಚ್ಚೋದೋ, ಆದ್ಮೇಲೋ?" ಎಂದವರು, ಸುತ್ತಲಿನ ಜನ ನೆನಪಾಗಿ ಗದರಿದರು: "ಅಂದ್ರೆ, ಇದು ವಿಚಾರಣೆ! ಈ ಕುಂಡವನ್ನ ಪರೀಕ್ಷೆಗೆ ಕಚೇರಿಗೆ ಒಯ್ತೀನಿ. ಬೀಗ ತೆಗೀರಿ."

"ಬೇಡ ಸಾರ್!" ಬೀಗದಣ್ಣ ಕುಂಡವನ್ನು ತಬ್ಬಿಕೊಂಡ. ಗಂಟಲು ಸರಿಮಾಡಿಕೊಳ್ಳುವುದನ್ನೂ ಮರೆತಿದ್ದ. "ಬೇಕಾದ್ರೆ ನನ್ನ ತಲೆ ತಗೊಂಡು ಹೋಗಿ ಪರೀಕ್ಷೆ ಮಾಡಿ. ಗಿಡ ಬಿಟ್ಬಿಡಿ. ಇದು ನಮ್ಮ ಚಿಕ್ಕಮ್ಮನದು, ನಮ್ಮಜ್ಜಿ ನೆಟ್ಟಿದ್ದು. ಇದೊಂದೇ ಉಳಿದಿರೋದು. ನಿಜ ಹೇಳ್ತೀನಿ, ನನಗೆ ಈ ಕೂದಲ ಮೇಲೆ ನಂಬಿಕೆ ಇಲ್ಲ ಸಾರ್. ಮನೇಲಿ ಇರೋದೇ ಇಲ್ಲ. ಅಂಗಡಿಗೆ ಮಾತ್ರ ಬರುತ್ತೆ."

"ಏನ್ರೀ ಹಾಗಂದ್ರೆ? ಕೂದಲೇನು ಡ್ಯೂಟಿಗೆ ಬರುತ್ತಾ?"

"ಸಂಜೆ ನಲ್ಲಿ ಕೆಳಗೆ ತಲೆ ತೊಳೆದ ತಕ್ಷಣ ರಜೆ ಸಾರ್."

ಹೆಂಡತಿಯ ಚೀಲ ಕೆಳಗೆ ಬಿತ್ತು. ಲೆಕ್ಕ ಅವಳಿಗೆ ಬಗೆಹರಿದಿತ್ತು. ಅವಳು ಮುಂದೆ ಬರುವಷ್ಟರಲ್ಲಿ ಗುಂಪಿನ ಹಿಂದಿನಿಂದ ಒಂದು ದಪ್ಪ ಧ್ವನಿ ಕೇಳಿತು.

"ಏನೋ ಅದು ತಲೆಗೆ ಮೆತ್ಕೊಂಡಿದೀಯ?"

ಬಸ್ಸಿನಿಂದ ನೇರವಾಗಿ ಬಂದ ಚಿಕ್ಕಮ್ಮ, ಗುಂಪನ್ನು ಜಡೆಯಿಂದಲೇ ಸೀಳಿದ ಹಾಗೆ ಒಳಗೆ ನುಗ್ಗಿ, ಕರವಸ್ತ್ರ ಒದ್ದೆ ಮಾಡಿ, ಕಟಿಂಗಿನವನು 'ಬುಡ ಸಡಿಲ...' ಎನ್ನುವಷ್ಟರಲ್ಲಿ ಬೀಗದಣ್ಣನ ತಲೆಯನ್ನು ಹಣೆಯಿಂದ ಹಿಂದಲೆಯವರೆಗೆ ಒಂದೇ ಸಲ ಒರೆಸಿಬಿಟ್ಟಳು. ಕರವಸ್ತ್ರವನ್ನು ಎಲ್ಲರ ಮುಂದೆ ಬಿಡಿಸಿ ಹಿಡಿದಳು. ಹಿತ್ತಾಳೆ ಪುಡಿ ಬಿಸಿಲಿಗೆ ಝಗಝಗಿಸಿತು.

"ಕೂದಲು ಕೂದಲು ಅಂತಿದ್ರಲ್ಲ, ಹಿಡೀರಿ. ಬೇಕಾದಷ್ಟು ಬಂದಿದೆ."

ಕಟಿಂಗಿನವನು ಕತ್ತರಿಯನ್ನು ನಿಧಾನವಾಗಿ ಕಿಸೆಗಿಟ್ಟ. ಹೆಡ್‌ಮಾಸ್ಟರು, "ನನಗೆ ಆವತ್ತೇ ಬಣ್ಣದ ಮೇಲೆ ಅನುಮಾನ ಇತ್ತು" ಎಂದರು. ಆದರೂ ಅಷ್ಟು ದಿನ ಎಲೆ ಉಜ್ಜಿಕೊಂಡ ಅವರ ತಲೆ ಶುಂಠಿ ಪರಿಮಳ ಬೀರುತ್ತಿದ್ದುದರಿಂದ ಆ ಮಾತಿಗೆ ತೂಕ ಬರಲಿಲ್ಲ.

ಬೀಗದಣ್ಣನಿಗೆ ತಲೆಯ ಚಿಂತೆ ಇರಲಿಲ್ಲ. ಅವನು ಜಾಲರಿ ತೋರಿಸಿ ಅಳುವ ಧ್ವನಿಯಲ್ಲಿ, "ಚಿಕ್ಕಮ್ಮ, ಗಿಡ ಹೋಯ್ತು. ಕೇಳಿದೋರಿಗೆಲ್ಲ ಕೊಟ್ಟುಬಿಟ್ಟೆ. ಒಂದೆಲೇನೂ ಉಳಿದಿಲ್ಲ. ಬೀಗ ಹಾಕಿದೆ, ಕೀಲಿಕೈನೂ ಹೋಯ್ತು" ಎಂದ.

ಚಿಕ್ಕಮ್ಮ ಜಾಲರಿಯೊಳಗೆ ಇಣುಕಿದಳು. ಬೀದಿ ಕಾದಿತು. ಕೊನೆಗೆ ಅವಳು ನಕ್ಕಳು. ಆ ನಗುವಿಗೆ ಪಕ್ಕದ ಹೊಲಿಗೆ ಯಂತ್ರ ಅದುರಿತು.

"ಅಯ್ಯೋ ಪೆದ್ದ! ಬೇಸಿಗೆ ಬರ್ತಿದ್ದ ಹಾಗೆ ಇದು ಎಲೆ ಎಲ್ಲ ಉದುರಿಸಿ ಮಲಗುತ್ತೆ ಕಣೋ. ನೀವು ಕೀಳದಿದ್ರೂ ಅದೇ ಬಿಚ್ಚಿಡ್ತಿತ್ತು. ಇದರ ಮನೆಯಿರೋದು ಕೆಳಗೆ."

ಜಾಲರಿಯ ಸಂದಿಯಲ್ಲಿ ಅವಳ ಕೈ ತೂರಲಿಲ್ಲ. ಬೀಗವನ್ನು ಎಳೆದಳು, ಅದು ಜಗ್ಗಲಿಲ್ಲ. ಇನ್‌ಸ್ಪೆಕ್ಟರು ಎಳೆದರು, ಅವರಿಗೂ ಜಗ್ಗಲಿಲ್ಲ. "ಒಳ್ಳೇ ಬೀಗ" ಎಂದರು ಗೌರವದಿಂದ. ಅಂಥ ಹೊತ್ತಿನಲ್ಲೂ ಬೀಗದಣ್ಣನಿಗೆ ಒಂದು ಕ್ಷಣ ಹಿತವಾಯಿತು. ಆಮೇಲೆ ಅವನೇ ಸುತ್ತಿಗೆ ತಂದು ಕುಂಡದ ಹೊಟ್ಟೆಗೆ ಒಂದು ಕೊಟ್ಟ.

ಕುಂಡ ಒಡೆದರೂ ಮಣ್ಣು ಚೆಲ್ಲಲಿಲ್ಲ. ಚೆಲ್ಲಲು ಮಣ್ಣೆಲ್ಲಿತ್ತು? ಕುಂಡದ ಆಕಾರಕ್ಕೇ ಒಂದರ ಮೇಲೊಂದು ಹೆಗಲು ಕೊಟ್ಟುಕೊಂಡು, ಬೆರಳಿಗೆ ಬೆರಳು ಹೆಣೆದುಕೊಂಡು, ತಿಳಿಹಳದಿ ಗೆಡ್ಡೆಗಳು ಕಿಕ್ಕಿರಿದು ಕೂತಿದ್ದವು. ಒಂದು ಚೂರು ಹಾಕಿದ್ದು ಇಷ್ಟಾಗಿತ್ತು. ಊರಿಗೆ ಊರೇ ಮೇಲಿನದನ್ನು ಕಿತ್ತುಕೊಂಡು ಹೋಗುತ್ತಿದ್ದಾಗ ಇದು ಸದ್ದಿಲ್ಲದೆ ಕೆಳಗೆ ಸಂಸಾರ ಬೆಳೆಸುತ್ತಿತ್ತು. ಇನ್‌ಸ್ಪೆಕ್ಟರು ಕೂಡ 'ಆಹಾ' ಎಂದರು. ಎರಡು ಗೆಡ್ಡೆಗಳ ನಡುವೆ, ಮಗುವಿನ ಮುಷ್ಟಿಯಲ್ಲಿ ಸಿಕ್ಕಿದ ಹಾಗೆ, ಬೀಗದಣ್ಣನ ಕೀಲಿಕೈ ಇತ್ತು.

"ಹಾ! ಇಲ್ಲೇ ಇಟ್ಟಿದ್ದೆ!" ಎಂದ ಅವನು.

"ಬೀಗ ಹಾಕಿದ ಕುಂಡದೊಳಗೇ ಕೀಲಿಕೈ ಇಟ್ಟು..." ಎಂದು ಶುರುಮಾಡಿದ ಹೆಂಡತಿಗೆ ಜೀವನದಲ್ಲಿ ಮೊದಲ ಸಲ ವಾಕ್ಯ ಮುಗಿಸಲಾಗಲಿಲ್ಲ. ನಗು ಬಂದುಬಿಟ್ಟಿತ್ತು.

ಚಿಕ್ಕಮ್ಮ ಗೆಡ್ಡೆಯೊಂದನ್ನು ಮೂಗಿಗೆ ಹಿಡಿದಳು. ಧ್ವನಿ ಮೊದಲ ಬಾರಿಗೆ ತೆಳ್ಳಗಾಯಿತು. "ಅಮ್ಮನ ಕೈ ಹೀಗೇ ವಾಸನೆ ಬರ್ತಿತ್ತು." ಮರುಕ್ಷಣ ಮತ್ತೆ ದಪ್ಪಗಾಯಿತು: "ಒಂದೇ ಕುಂಡದಲ್ಲಿಟ್ಟು ಕಾಯ್ತಿದ್ದೆನಲ್ಲ, ನಾನೂ ಪೆದ್ದಿಯೇ. ಎಲ್ಲರೂ ಸಾಲಾಗಿ ನಿಂತ್ಕೊಳ್ಳಿ!"

ಒಬ್ಬೊಬ್ಬರ ಕೈಗೂ ಒಂದೊಂದು ಗೆಡ್ಡೆ ಇಟ್ಟಳು, ಜೊತೆಗೊಂದೊಂದು ಎಚ್ಚರಿಕೆ. "ಟೈಲರಪ್ಪ, ಹಲ್ಲಿಗೆ ಒತ್ತಿದ ಮೇಲೆ ದಂತವೈದ್ಯರ ಹತ್ರ ಹೋಗು. ಇದು ನೋವನ್ನ ಸಮಾಧಾನ ಮಾಡುತ್ತೆ, ಹುಳುಕನ್ನ ಖಾಲಿ ಮಾಡಿಸಲ್ಲ." "ಮೇಷ್ಟ್ರೇ, ಮಂಡಿಗೆ ಕಟ್ಕೊಳ್ಳಿ, ತಲೆ ಮರೆತುಬಿಡಿ." ಕಟಿಂಗಿನವನಿಗೆ ಎರಡು ಕೊಟ್ಟಳು: "ಗೊಂಡೆ ಬಂದಾಗ ಗಿರಾಕಿಗಳ ತಲೆ ತೊಳೆದು ನೋಡಪ್ಪ. ಇರೋ ಕೂದಲನ್ನ ಇದರಷ್ಟು ಚೆನ್ನಾಗಿ ಯಾವುದೂ ನೋಡ್ಕೊಳ್ಳಲ್ಲ." ಇನ್‌ಸ್ಪೆಕ್ಟರಿಗೆ ಪರೀಕ್ಷೆಗೆ ಬೇಕಾದ ಗೆಡ್ಡೆಯನ್ನು ತಾನೇ ಕಾಗದದಲ್ಲಿ ಸುತ್ತಿಕೊಟ್ಟಳು.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಆ ಬೀದಿಯ ಪ್ರತಿ ಅಂಗಡಿಯ ಮುಂದೂ ಕೆಂಪು ಗೊಂಡೆಗಳು ತಲೆಯೆತ್ತಿದ್ದವು. ಯಾರ ಗಿಡದ ಎಲೆ ಬಾಡಿದರೂ ಬೀಗದಣ್ಣನನ್ನು ಕರೆದು 'ಒಂದು ಮಾತು ಕೇಳಬೇಕಿತ್ತು' ಎನ್ನುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡು, "ಚಿಕ್ಕಮ್ಮನ್ನ ಕೇಳಿ ಹೇಳ್ತೀನಿ" ಎನ್ನುತ್ತಿದ್ದ. ಇದೊಂದು ಉತ್ತರದಿಂದ ಅವನ ಗೌರವ ಮೊದಲಿಗಿಂತ ಹೆಚ್ಚಾಯಿತು. ಹೆಂಡತಿ ಕೂಡ ಆ ವಾಕ್ಯವನ್ನು ತಿದ್ದಲಿಲ್ಲ.

ಅಂಥದ್ದೊಂದು ಬೆಳಿಗ್ಗೆ ಅವನು ಆಗಷ್ಟೇ ಬಾಗಿಲೆತ್ತಿದ್ದ. ಇನ್‌ಸ್ಪೆಕ್ಟರು ಒಬ್ಬರೇ ಬಂದು, ಎಡಕ್ಕೆ ಬಲಕ್ಕೆ ನೋಡಿ, ಒಳಗೆ ನುಸುಳಿದರು. ಕೈಯಲ್ಲಿ ಅವರದೇ ಗಿಡದ ಎರಡು ಗೊಂಡೆ.

"ಪರೀಕ್ಷೆ ಏನಾಯ್ತು ಸಾರ್?"

"ನಮ್ಮಮ್ಮನ ಮಂಡಿ ಊತ ಇಳಿದಿದೆ. ಹಿತ್ತಲ ತುಂಬ ಹಾಕಿದೀನಿ." ಇನ್‌ಸ್ಪೆಕ್ಟರು ಮೆಲ್ಲಗೆ ಟೋಪಿ ತೆಗೆದರು. ಯಂತ್ರದ ಮೇಲಿನ ದೀಪ ಅವರ ತಲೆಯಲ್ಲಿ ಪೂರ್ತಿಯಾಗಿ ಕಂಡಿತು. "ಇವತ್ತು ಗುರುತಿನ ಚೀಟಿಗೆ ಫೋಟೋ. ಟೋಪಿ ಹಾಕೋ ಹಾಗಿಲ್ಲವಂತೆ."

ಬೀಗದಣ್ಣನಿಗೆ ಅರ್ಥವಾಯಿತು. ಏನೂ ಕೇಳದೆ ಗೊಂಡೆ ಹಿಂಡಿ, ರಸ ಸವರಿ, ಅವರನ್ನು ಯಂತ್ರದ ಮುಂದೆ ಬಗ್ಗಿಸಿ ಕೂರಿಸಿದ. ಕೊರೆಯಲು ಒಂದು ಕೀಲಿಕೈ ಎತ್ತಿಕೊಂಡ. ಇನ್‌ಸ್ಪೆಕ್ಟರು ಅವನ ಕೈ ತಡೆದರು.

"ಹಿತ್ತಾಳೆ ಬೇಡ" ಎಂದರು ಪಿಸುದನಿಯಲ್ಲಿ. "ಕಬ್ಬಿಣದ್ದು ಇಲ್ವಾ? ಕಪ್ಪಗೆ ಬರುತ್ತೆ."